ದನಿ ಕೇಳಿಸದ ತರಗತಿಯಲ್ಲಿ

2011ರ ಜುಲೈ ತಿಂಗಳಲ್ಲಿ ನನ್ನ ಗಂಟಲು ಪೂರ್ತಿ ಕಟ್ಟಿಹೋಯಿತು. ಶೀತವಿರಬೇಕೆಂದುಕೊಂಡು ಎರಡು ವಾರ ಕಾಳುಮೆಣಸಿನ ಕಷಾಯ ಕುಡಿದೆ. ಕಡಿಮೆಯಾಗದಿದ್ದಾಗ ಮಡಿಕೇರಿಗೆ ಹೋಗಿ ತೋರಿಸಿದೆ. ಗಂಟಲಿನೊಳಗೆ ಸಣ್ಣ ಕನ್ನಡಿ ಹಿಡಿದು ನೋಡಿದ ವೈದ್ಯರು, ಧ್ವನಿತಂತುಗಳ ಅಂಚಿನಲ್ಲಿ ಎರಡೂ ಕಡೆ ಚಿಕ್ಕ ಗಂಟುಗಳು ಎದ್ದಿವೆಯೆಂದೂ, ಕೂಗಿ ಮಾತನಾಡುವಾಗ ಆ ತಂತುಗಳು ಒಂದಕ್ಕೊಂದು ಬಡಿದು ಬಡಿದು ಹೀಗಾಗುತ್ತದೆಯೆಂದೂ, ಶಿಕ್ಷಕರಲ್ಲಿಯೂ ಹಾಡುಗಾರರಲ್ಲಿಯೂ ಇದು ಸಾಮಾನ್ಯವೆಂದೂ ವಿವರಿಸಿದರು. ಹತ್ತು ದಿನ ಮಾತು ಬೇಡ ಎಂದರು. ಪಿಸುದನಿಯಲ್ಲಾದರೂ ಮಾತನಾಡಬಹುದೇ ಎಂದು ಚೀಟಿಯ ಮೇಲೆ ಬರೆದು ಕೇಳಿದ್ದಕ್ಕೆ, ಪಿಸುಮಾತಿಗೂ ಗಂಟಲು ಬಿಗಿಯುತ್ತದೆ, ಅದೂ ಬೇಡ ಎಂದರು.

ರಜೆ ಹಾಕುವ ಸ್ಥಿತಿಯಲ್ಲಿ ನಾನಿರಲಿಲ್ಲ. ಭಾಗಮಂಡಲದ ಕಡೆಯ ನಮ್ಮ ಶಾಲೆಯಲ್ಲಿ ಆಗ ಏಳು ತರಗತಿಗಳಿಗೆ ನಾವು ಮೂವರೇ ಇದ್ದೆವು. ಮಳೆ ಜೋರಾದಾಗಲೆಲ್ಲ ಜಿಲ್ಲಾಡಳಿತ ಕೊಡುವ ರಜೆಗಳಿಂದಾಗಿ ಪಾಠಗಳೂ ಹಿಂದೆ ಬಿದ್ದಿದ್ದವು. ಹಾಗಾಗಿ ಒಂದು ಸ್ಲೇಟು ಹಿಡಿದುಕೊಂಡು ನಾಲ್ಕು ಮತ್ತು ಐದನೆಯ ತರಗತಿಯವರು ಒಟ್ಟಿಗೆ ಕೂರುವ ಕೋಣೆಗೆ ಹೋದೆ. ತರಗತಿಯನ್ನು ಮೈಯ ಭಾಷೆಯಿಂದ ನಡೆಸುವುದರ ಬಗ್ಗೆ ಇಂದು ನನಗೆ ತಿಳಿದಿರುವುದರಲ್ಲಿ ಬಹುಪಾಲು ಆ ಹತ್ತು ದಿನಗಳಲ್ಲಿ ತಿಳಿದದ್ದು. ತರಬೇತಿಗಳಲ್ಲಿ ಕೇಳಿದ್ದು ಅದಕ್ಕೆ ಆಮೇಲೆ ಬಂದು ಸೇರಿಕೊಂಡಿತು.

ಕೊಡಗಿನ ಮಳೆಯನ್ನು ತರಗತಿಯೊಳಗಿನಿಂದ ಕೇಳದವರಿಗೆ ಇದನ್ನು ಸ್ವಲ್ಪ ವಿವರಿಸಬೇಕು. ಮಂಗಳೂರು ಹಂಚಿನ ಮಾಡಿನ ಮೇಲೆ ಬೀಳುವ ಮಳೆಯ ಸದ್ದು ಒಂದು ತರಹದ್ದು, ವರಾಂಡಕ್ಕೆ ಹೊದೆಸಿದ ತಗಡಿನ ಮೇಲೆ ಬೀಳುವ ಮಳೆಯ ಸದ್ದು ಇನ್ನೊಂದು ತರಹದ್ದು; ಜೂನ್ ನಡುವಿನಿಂದ ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್ ಹಬ್ಬದವರೆಗೆ ಇವೆರಡೂ ಸೇರಿ ಹೊತ್ತುಗಟ್ಟಲೆ ಮೊರೆಯುತ್ತವೆ. ಮೂರನೆಯ ಸಾಲಿನಲ್ಲಿರುವ ಮಗುವಿಗೆ ಕೇಳಿಸಬೇಕಾದರೆ ಮೇಷ್ಟ್ರಾದವರು ಕೂಗಲೇಬೇಕು ಎಂದೇ ನಾನು ಎಂಟು ವರ್ಷ ನಂಬಿದ್ದೆ. ನಾನು ಕೂಗಿದಷ್ಟೂ ಮಕ್ಕಳು ತಮ್ಮೊಳಗಿನ ಮಾತನ್ನು ಇನ್ನಷ್ಟು ಗಟ್ಟಿಯಾಗಿ ಆಡುತ್ತಿದ್ದರು. ಅವರ ಗದ್ದಲ ಏರಿತೆಂದು ನಾನು ಮತ್ತೂ ಕೂಗುತ್ತಿದ್ದೆ.

ಮೊದಲನೆಯ ದಿನ ಕೋಣೆಯೊಳಗೆ ಹೋದಾಗ ಮೂವತ್ತೊಂದು ಮಕ್ಕಳು ಒಟ್ಟಿಗೆ ಮಾತನಾಡುತ್ತಿದ್ದರು. ಬೇರೇನೂ ತೋಚದೆ ಕಪ್ಪುಹಲಗೆಯ ಮುಂದೆ, ಕೋಣೆಯ ಸರಿಯಾದ ನಡುವಿನಲ್ಲಿ ಎರಡೂ ಪಾದ ಊರಿ ನಿಂತು, ಬಲಗೈಯನ್ನು ಕಿವಿಯ ಎತ್ತರಕ್ಕೆ ಎತ್ತಿ ಹಿಡಿದು ಸುಮ್ಮನಾದೆ. ಮೊದಲು ಕಂಡವಳು ಎದುರಿನ ಬೆಂಚಿನ ಒಬ್ಬ ಹುಡುಗಿ. ಅವಳು ಪಕ್ಕದವಳನ್ನು ಮೊಣಕೈಯಿಂದ ತಿವಿದಳು, ಆ ಪಕ್ಕದವಳು ಹಿಂದಕ್ಕೆ ತಿರುಗಿ ನೋಡಿದಳು. ಮಳೆ ಬಿಟ್ಟ ಮೇಲೆ ಮಾಡಿನ ಅಂಚಿನ ನೀರು ಮೊದಲು ಧಾರೆಯಾಗಿ, ಆಮೇಲೆ ಹನಿಯಾಗಿ, ಕೊನೆಗೆ ಒಂದೊಂದು ಹಂಚಿನ ತುದಿಯಲ್ಲಿ ನಿಂತುಹೋಗುವಂತೆ ಗದ್ದಲ ಸಾಲು ಸಾಲಾಗಿ ನಿಂತಿತು. ಸುಮಾರು ಎರಡು ನಿಮಿಷ ಹಿಡಿದಿರಬಹುದು. ವಾರ ಕಳೆಯುವಷ್ಟರಲ್ಲಿ ಅದು ಹತ್ತು ಹದಿನೈದು ಸೆಕೆಂಡಿಗೆ ಇಳಿಯಿತು.

ಎತ್ತಿದ ಕೈಯೇ ಆ ಕೆಲಸ ಮಾಡಿತೆಂದು ನಾನು ಮೊದಲು ತಿಳಿದಿದ್ದೆ. ಗಂಟಲು ಸರಿಯಾದ ಮೇಲೆ ಒಂದು ದಿನ ಹಳೆಯ ಅಭ್ಯಾಸದಂತೆ ಹಾಜರಿ ಪುಸ್ತಕ ತಿರುವುತ್ತ, ಹಲಗೆ ಒರೆಸಲು ಡಸ್ಟರ್ ಹುಡುಕುತ್ತ ಕೈಯೆತ್ತಿದಾಗ ಯಾರೂ ಸುಮ್ಮನಾಗಲಿಲ್ಲ. ಆಗ ಹೊಳೆಯಿತು: ಕೆಲಸ ಮಾಡಿದ್ದು ನನ್ನ ಪಾದಗಳು. ಕದಲದೆ ನಿಂತವಳು ಮುಂದಿನ ಮಾತಿಗಾಗಿ ಕಾಯುತ್ತಿದ್ದಾಳೆ ಎಂದು ಮಕ್ಕಳಿಗೆ ಅರ್ಥವಾಗುತ್ತದೆ. ಓಡಾಡುತ್ತ ‘ಸುಮ್ಮನಿರಿ’ ಎನ್ನುವವಳ ಬಾಯಿ ಒಂದು ಹೇಳುತ್ತದೆ, ಕಾಲು ಇನ್ನೊಂದು ಹೇಳುತ್ತದೆ. ಇವೆರಡರ ನಡುವೆ ಜಗಳವಾದಾಗ ಮಕ್ಕಳು ಕಾಲಿನ ಮಾತನ್ನೇ ನಂಬುತ್ತಾರೆ.

ಈ ವಿಷಯವನ್ನು ನನಗಿಂತ ಚೆನ್ನಾಗಿ ಬಲ್ಲವರು ನಮ್ಮ ಊರಿನಲ್ಲೇ ಇದ್ದರು. ನನ್ನ ವಿದ್ಯಾರ್ಥಿಯೊಬ್ಬನ ತಾತ ಸೇನೆಯಲ್ಲಿ ಸುಬೇದಾರರಾಗಿ ನಿವೃತ್ತರಾದವರು. ಮನೆಗೊಬ್ಬರಂತೆ ಸೇನೆಗೆ ಹೋದ ಈ ಜಿಲ್ಲೆಯಲ್ಲಿ ಅಂಥವರು ಶಾಲೆಯ ಅಭಿವೃದ್ಧಿ ಸಮಿತಿಯ ಸಭೆಗೆ ಬರುವುದು ಹೊಸತಲ್ಲ. ಸಭೆ ಮುಗಿದ ಮೇಲೆ ನನ್ನ ಹತ್ತು ದಿನಗಳ ಕಥೆ ಕೇಳಿ ಅವರು ಹೇಳಿದರು: “ಟೀಚರೇ, ಕವಾಯತಿನ ಆದೇಶ ಯಾವಾಗಲೂ ಎರಡು ತುಂಡಿನದ್ದು. ‘ದಾಹಿನೇ’ ಅಂತ ಹೇಳಿ ನಿಲ್ಲಿಸಬೇಕು, ಆಮೇಲೆ ‘ಮುಡ್’. ಮಧ್ಯದ ಆ ಮೌನದಲ್ಲೇ ಜವಾನ ತಯಾರಾಗುವುದು. ಅದನ್ನು ನುಂಗಿಬಿಟ್ಟರೆ ಇಡೀ ಸಾಲು ಹಾಳು.” ತರಗತಿಯನ್ನು ಕವಾಯತು ಮೈದಾನ ಮಾಡುವ ಆಸೆ ನನಗಿಲ್ಲ, ಅವರಿಗೂ ಇರಲಿಲ್ಲ. ಆದರೆ ‘ಎಲ್ಲರೂ’ ಎಂದು ಹೇಳಿ, ಒಂದು ಉಸಿರು ತೆಗೆದುಕೊಂಡು, ಮೂವತ್ತೊಂದು ಮುಖಗಳ ಮೇಲೂ ಕಣ್ಣು ಹಾಯಿಸಿ, ಆಮೇಲೆ ‘ಪುಸ್ತಕ ತೆರೆಯಿರಿ’ ಎನ್ನುವುದನ್ನು ನಾನು ಅವರಿಂದ ಕಲಿತೆ.

ಪ್ರಶ್ನೆ ಕೇಳಿದ ಮೇಲೂ ಇದೇ ಮೌನ ಬೇಕು. ಅಮೆರಿಕದ ಮೇರಿ ಬಡ್ ರೋ ಎಂಬ ವಿಜ್ಞಾನ ಶಿಕ್ಷಣದ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣಗಳನ್ನು ಕೇಳಿ, ಪ್ರಶ್ನೆ ಹಾಕಿದ ಶಿಕ್ಷಕರು ಉತ್ತರಕ್ಕಾಗಿ ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆಂದು ಗುರುತಿಸಿದರು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಉತ್ತರಿಸುವ ಮಕ್ಕಳ ಸಂಖ್ಯೆಯೂ ಹೆಚ್ಚಿತು. ಮೂರು ಸೆಕೆಂಡು ಕಾಯುವುದು ಕೇಳುವುದಕ್ಕೆ ಸುಲಭ. ಆದರೆ ಆ ಹೊತ್ತಿನಲ್ಲಿ ಮೈ ಏನು ಮಾಡುತ್ತಿರುತ್ತದೆ ಎಂಬುದನ್ನೂ ಗಮನಿಸಬೇಕು. ಸೀಮೆಸುಣ್ಣವನ್ನು ಅಂಗೈಯಲ್ಲಿ ಕುಟ್ಟುತ್ತ, ಹುಬ್ಬು ಏರಿಸಿ, ಬಾಗಿಲ ಕಡೆ ಒಮ್ಮೆ ನೋಡಿ ಕಾದರೆ ಅದು ಮಗುವನ್ನು ಅವಸರಪಡಿಸಿದಂತೆಯೇ. ಕೈಗಳನ್ನು ಖಾಲಿ ಬಿಟ್ಟು, ಮೈಯನ್ನು ಆ ಮಗುವಿನ ಕಡೆಗೆ ಸ್ವಲ್ಪ ಬಾಗಿಸಿ ನಿಂತಾಗ ಮಾತ್ರ ಆ ಸಮಯ ಅದಕ್ಕೆ ಸಿಗುತ್ತದೆ.

ತರಬೇತಿ ಶಿಬಿರಗಳಲ್ಲಿ ಪದೇ ಪದೇ ಕೇಳಿ ನನಗೆ ಬೇಸರ ತರಿಸಿದ ಮಾತೊಂದಿದೆ: ಸಂವಹನದಲ್ಲಿ ಪದಗಳ ಪಾಲು ಶೇಕಡಾ 7, ದನಿಯ ಪಾಲು ಶೇಕಡಾ 38, ದೇಹಭಾಷೆಯ ಪಾಲು ಶೇಕಡಾ 55 ಎಂಬುದು. ಈ ಲೆಕ್ಕ ಆಲ್ಬರ್ಟ್ ಮೆಹ್ರಾಬಿಯನ್ ಎಂಬ ಮನೋವಿಜ್ಞಾನಿ 1967ರಲ್ಲಿ ಪ್ರಕಟಿಸಿದ ಎರಡು ಪ್ರಯೋಗಗಳಿಂದ ಬಂದದ್ದು. ಅವು ಬಿಡಿ ಪದಗಳನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿ, ಬೇರೆ ಬೇರೆ ಮುಖಭಾವದ ಚಿತ್ರ ತೋರಿಸಿ, ಆಡಿದವರಿಗೆ ನಮ್ಮ ಮೇಲೆ ಪ್ರೀತಿಯೋ ಅಸಮಾಧಾನವೋ ಎಂದು ಊಹಿಸಲು ಕೇಳಿದ ಪ್ರಯೋಗಗಳು. ಭಾವನೆ ವ್ಯಕ್ತಪಡಿಸುವ ಮಾತಿಗೆ ಮಾತ್ರ ಇದು ಅನ್ವಯಿಸುತ್ತದೆಂದು ಅವರೇ ಹೇಳಿದ್ದಾರೆ. ಭಿನ್ನರಾಶಿಯ ಸಂಕಲನವನ್ನು ಯಾರೂ ಶೇಕಡಾ 55 ಹಾವಭಾವದಿಂದ ಕಲಿಸಲಾರರು. ಪಾಠ ಪಾಠವೇ, ಅದಕ್ಕೆ ಪದ ಬೇಕು, ಸಿದ್ಧತೆ ಬೇಕು. ‘ಈ ಟೀಚರಿಗೆ ನನ್ನನ್ನು ಕಂಡರೆ ಆಗುತ್ತದೆಯೋ ಇಲ್ಲವೋ’ ಎಂಬುದನ್ನು ಮಾತ್ರ ಮಗು ನನ್ನ ಮುಖದಲ್ಲಿ, ಹೆಗಲಿನಲ್ಲಿ, ಹೆಜ್ಜೆಯಲ್ಲಿ ಓದುತ್ತದೆ, ಮತ್ತು ಅದನ್ನು ಓದಿ ಮುಗಿಸುವವರೆಗೆ ಭಿನ್ನರಾಶಿಯ ಕಡೆಗೆ ಬರುವುದಿಲ್ಲ.

ಶಿಸ್ತಿನ ವಿಷಯದಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಜೇಕಬ್ ಕೂನಿನ್ ಎಂಬ ಅಮೆರಿಕದ ಮನೋವಿಜ್ಞಾನಿಯ ಕೆಲಸ. ತಮ್ಮ ಕಾಲೇಜು ತರಗತಿಯಲ್ಲಿ ಪತ್ರಿಕೆ ಓದುತ್ತ ಕೂತಿದ್ದ ಒಬ್ಬ ವಿದ್ಯಾರ್ಥಿಯನ್ನು ಗದರಿಸಿದಾಗ, ಏನೂ ತಪ್ಪು ಮಾಡದ ಉಳಿದವರೂ ತಲೆ ತಗ್ಗಿಸಿ ಕೂತದ್ದನ್ನು ಕಂಡು ಅವರು ಈ ಅಧ್ಯಯನಕ್ಕೆ ಇಳಿದರು. ಯಾವ ರೀತಿ ಗದರಿಸಿದರೆ ಹೆಚ್ಚು ಫಲ ಎಂದು ವರ್ಷಗಟ್ಟಲೆ ಹುಡುಕಿ, ತರಗತಿಗಳನ್ನು ವಿಡಿಯೊ ಮಾಡಿ ನೋಡಿ, 1970ರಲ್ಲಿ ಅವರು ಪ್ರಕಟಿಸಿದ ತೀರ್ಮಾನ ಬೇರೆಯೇ ಆಗಿತ್ತು. ಗದ್ದಲವಾದ ಮೇಲೆ ಏನು ಮಾಡುತ್ತಾರೆ ಎಂಬುದರಲ್ಲಿ ಒಳ್ಳೆಯ ಶಿಕ್ಷಕರಿಗೂ ಉಳಿದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ; ವ್ಯತ್ಯಾಸವಿದ್ದದ್ದು ಗದ್ದಲವಾಗುವ ಮೊದಲು ಅವರು ಮಾಡುತ್ತಿದ್ದುದರಲ್ಲಿ. ‘ನಮ್ಮ ಟೀಚರಿಗೆ ಬೆನ್ನಲ್ಲೂ ಕಣ್ಣಿದೆ’ ಎಂದು ಮಕ್ಕಳಿಗೆ ಅನ್ನಿಸುವಂತಿದ್ದವರ ತರಗತಿಗಳು ಚೆನ್ನಾಗಿ ನಡೆಯುತ್ತಿದ್ದವು.

ಬೆನ್ನಲ್ಲಿ ಕಣ್ಣು ಮೂಡಿಸಿಕೊಳ್ಳುವುದು ಅಭ್ಯಾಸದ ಮಾತು. ಹಲಗೆಯ ಮೇಲೆ ಬರೆಯುವಾಗ ನಾನು ಈಗ ಮಕ್ಕಳಿಗೆ ಪೂರ್ತಿ ಬೆನ್ನು ಹಾಕುವುದಿಲ್ಲ. ಎಡಹೆಗಲು ಕೋಣೆಯ ಕಡೆಗಿರುವಂತೆ ಓರೆಯಾಗಿ ನಿಂತು, ಅರ್ಧ ಸಾಲು ಬರೆದು ಒಮ್ಮೆ ತಿರುಗುತ್ತೇನೆ. ಹಿಂದಿನ ಸಾಲಿನಲ್ಲಿ ಇಬ್ಬರು ಹುಡುಗರು ಪೆನ್ನಿನ ರೀಫಿಲ್ಲಿಗಾಗಿ ಕಿತ್ತಾಡುತ್ತಿದ್ದರೆ ಪಾಠ ನಿಲ್ಲಿಸುವುದಿಲ್ಲ, ಹೆಸರು ಹಿಡಿದು ಕರೆಯುವುದಿಲ್ಲ. ಪದ್ಯದ ಸಾಲನ್ನು ಹೇಳುತ್ತಲೇ ಬೆಂಚುಗಳ ನಡುವೆ ನಡೆದು ಹೋಗಿ, ಅವರ ಪಕ್ಕ, ಅವರು ನೋಡುತ್ತಿರುವ ದಿಕ್ಕಿಗೇ ಮುಖ ಮಾಡಿ ನಿಲ್ಲುತ್ತೇನೆ. ಆಮೇಲೆ ತೆರೆದಿರುವ ಪುಸ್ತಕದಲ್ಲಿ ಈಗ ಓದುತ್ತಿರುವ ಸಾಲಿನ ಮೇಲೆ ಒಂದು ಬೆರಳು ಇಡುತ್ತೇನೆ. ಅಷ್ಟೇ. ರೀಫಿಲ್ಲು ಕಿಸೆ ಸೇರುತ್ತದೆ, ಉಳಿದ ಇಪ್ಪತ್ತೊಂಬತ್ತು ಮಕ್ಕಳಿಗೆ ಏನೂ ನಡೆದದ್ದೇ ಗೊತ್ತಾಗುವುದಿಲ್ಲ. ಎದುರಿಗೆ ನಿಂತು ಅವರ ಮುಖವನ್ನೇ ದಿಟ್ಟಿಸಿದ್ದರೆ ಅದು ಸವಾಲಾಗುತ್ತಿತ್ತು, ಎಲ್ಲರ ಮುಂದೆ ಸೋಲಬಾರದೆಂದು ಹುಡುಗನೂ ಹಟ ಹಿಡಿಯುತ್ತಿದ್ದ.

ಎಷ್ಟು ಹತ್ತಿರ ಎಂಬುದಕ್ಕೂ ಒಂದು ಅಳತೆ ಬೇಕು. ಎಡ್ವರ್ಡ್ ಹಾಲ್ ಎಂಬ ಮಾನವಶಾಸ್ತ್ರಜ್ಞರು 1966ರಲ್ಲಿ ಮನುಷ್ಯರ ನಡುವಿನ ಅಂತರವನ್ನು ಅಳೆದು, ಸುಮಾರು 45 ಸೆಂಟಿಮೀಟರಿನೊಳಗಿನದು ತೀರ ಆಪ್ತರಿಗೆ, ಅಲ್ಲಿಂದ 1.2 ಮೀಟರಿನವರೆಗೆ ಸ್ನೇಹಿತರಿಗೆ, 3.6 ಮೀಟರಿನವರೆಗೆ ಪರಿಚಿತರಿಗೆ, ಅದರಾಚೆಗಿನದು ಸಭೆಗೆ ಎಂದು ವಿಂಗಡಿಸಿದರು. ಈ ಅಳತೆ ಊರಿಂದೂರಿಗೆ, ಜನರಿಂದ ಜನರಿಗೆ ಬದಲಾಗುತ್ತದೆಂದೂ ಹೇಳಿದರು. ಒಂದು ಬೆಂಚಿನಲ್ಲಿ ನಾಲ್ವರು ಕೂರುವ ನಮ್ಮಲ್ಲಿ ಅವರ ಮೊದಲನೆಯ ಗೆರೆ ಮಕ್ಕಳ ನಡುವೆ ಇಲ್ಲವೇ ಇಲ್ಲ. ಆದರೆ ಶಿಕ್ಷಕಿಗೂ ಮಗುವಿಗೂ ನಡುವೆ ಅದು ಇದೆ, ಇರಬೇಕು ಕೂಡ. ಚಿಕ್ಕವರ ತಲೆ ನೇವರಿಸುವ ನಾನು ಆರು, ಏಳನೆಯ ತರಗತಿಯವರ ಮೈ ಮುಟ್ಟುವುದಿಲ್ಲ. ಅವರ ಡೆಸ್ಕಿನ ಅಂಚನ್ನು ಮುಟ್ಟುತ್ತೇನೆ. ಒಬ್ಬರಿಗೇ ಹೇಳಬೇಕಾದ ಮಾತಿದ್ದರೆ ಅವರ ಕಣ್ಣಿನ ಮಟ್ಟಕ್ಕೆ ಕುಕ್ಕುರುಗಾಲಿನಲ್ಲಿ ಕೂತು ಹೇಳುತ್ತೇನೆ. ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ತರಗತಿಗಳಲ್ಲಿ ಶಿಕ್ಷಕರು ಮಕ್ಕಳ ಗುಂಪಿನ ನಡುವೆ ನೆಲದ ಮೇಲೆಯೇ ಕೂರುವಂತಾದದ್ದು ನಮ್ಮ ರಾಜ್ಯದ ಶಾಲೆಗಳಲ್ಲಿ ಆದ ಅತ್ಯಂತ ಒಳ್ಳೆಯ ಬದಲಾವಣೆಗಳಲ್ಲಿ ಒಂದು ಎಂದು ನಾನು ತಿಳಿದಿದ್ದೇನೆ.

ಕೂನಿನ್ ಹೇಳಿದ ‘ಮೊದಲು’ ಎಂಬುದು ನಮ್ಮಲ್ಲಿ ಬಾಗಿಲಿನಲ್ಲೇ ಶುರುವಾಗುತ್ತದೆ. ಮಳೆಗಾಲದಲ್ಲಿ ಮಕ್ಕಳು ಕಾಫಿ ತೋಟದ ನಡುವಿನ ಕಾಲುದಾರಿಯಲ್ಲಿ ನಡೆದು ಬರುವಾಗ ಜಿಗಣೆ ಹತ್ತುವುದು ದಿನನಿತ್ಯದ ಮಾತು. ಬಾಗಿಲ ಬಳಿ ಒಂದು ಡಬ್ಬಿಯಲ್ಲಿ ಉಪ್ಪಿಟ್ಟುಕೊಂಡು ನಿಲ್ಲುತ್ತೇನೆ. ಕೊಡೆ ಮಡಿಸಿ ಒಳಗೆ ಬರುವ ಪ್ರತಿ ಮಗುವಿನ ಮುಖ ನೋಡಿ, ಆಮೇಲೆ ಬಗ್ಗಿ ಕಾಲು ನೋಡುತ್ತೇನೆ. ಬೆರಳ ಸಂದಿಯಲ್ಲಿ ಕಪ್ಪಗೆ ಉಬ್ಬಿ ಕೂತ ಜಿಗಣೆಯ ಮೇಲೆ ಚಿಟಿಕೆ ಉಪ್ಪು ಹಾಕಿದರೆ ಅದು ಸುರುಟಿಕೊಂಡು ಉದುರುತ್ತದೆ. ಸಣ್ಣಗೆ ಹರಿಯುವ ರಕ್ತವನ್ನು ಒದ್ದೆ ಬಟ್ಟೆಯಿಂದ ಒರೆಸುತ್ತೇನೆ. ಈ ಹತ್ತು ನಿಮಿಷದಲ್ಲಿ ಯಾರು ಅತ್ತು ಬಂದಿದ್ದಾರೆ, ಯಾರು ತಿಂಡಿ ತಿಂದಿಲ್ಲ, ದಾರಿಯಲ್ಲಿ ಯಾರೊಡನೆ ಯಾರಿಗೆ ಜಗಳವಾಗಿದೆ ಎಂಬುದು ಅವರು ಚೀಲ ಹಿಡಿದಿರುವ ರೀತಿಯಿಂದಲೇ ತಿಳಿಯುತ್ತದೆ. ಬಗ್ಗಿ ಕಾಲು ನೋಡಿದ ಟೀಚರು ಅರ್ಧ ಗಂಟೆಯ ನಂತರ ಕೈಯೆತ್ತಿದಾಗ ಆ ಮಕ್ಕಳು ಸುಮ್ಮನಾಗುವುದಕ್ಕೆ ಬೇರೆ ಕಾರಣವನ್ನು ನಾನು ಹುಡುಕಿಲ್ಲ.

ಮಕ್ಕಳ ಮೈಯ ಮಾತನ್ನು ನಾನು ತಪ್ಪಾಗಿ ಓದಿದ್ದೂ ಉಂಟು. ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ತಿತಿಮತಿ ಕಡೆಯ ಶಾಲೆಯೊಂದರಲ್ಲಿದ್ದೆ. ಹಾಡಿಯಿಂದ, ಅಂದರೆ ಬುಡಕಟ್ಟು ಜನರ ವಸತಿಯಿಂದ, ಬರುತ್ತಿದ್ದ ಒಬ್ಬ ಹುಡುಗಿ ಏನು ಕೇಳಿದರೂ ನೆಲ ನೋಡುತ್ತ ನಿಲ್ಲುತ್ತಿದ್ದಳು. ‘ಕಣ್ಣು ನೋಡಿ ಮಾತಾಡು’ ಎಂದು ನಾನು ಗಲ್ಲ ಹಿಡಿದು ಮುಖವೆತ್ತಿದೆ, ಮರುದಿನ ಅವಳು ಬರಲಿಲ್ಲ, ಆಮೇಲೆ ವಾರವಾದರೂ ಬರಲಿಲ್ಲ. ನಾನು ಬೆಳೆದ ಮನೆಯಲ್ಲೂ ಹಿರಿಯರೆದುರು ಕಣ್ಣೆತ್ತಿ ನಿಲ್ಲುವುದು ಉದ್ಧಟತನವೇ ಆಗಿತ್ತು. ಅದು ಗೊತ್ತಿದ್ದೂ, ತಗ್ಗಿಸಿದ ಕಣ್ಣನ್ನು ಕಳ್ಳತನವೆಂದು ಓದಿದೆ. ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ಯರವರ ನುಡಿ, ಈಗ ಅಸ್ಸಾಂನಿಂದ ತೋಟದ ಕೆಲಸಕ್ಕೆ ಬಂದು ಲೈನ್ ಮನೆಗಳಲ್ಲಿರುವವರ ಮಕ್ಕಳ ಭಾಷೆ, ಇವೆಲ್ಲ ಒಂದೇ ಕೋಣೆಯಲ್ಲಿ ಕೂತಿರುವಾಗ ಕೈಸನ್ನೆ ಕಣ್ಸನ್ನೆಗಳು ಎಲ್ಲರಿಗೂ ಒಂದೇ ಎಂದು ಭಾವಿಸುವುದು ಸುಲಭ. ಅಂಗೈ ಮೇಲಾಗಿ ‘ಬಾ’ ಎಂದರೆ ಎಲ್ಲರೂ ಬರುತ್ತಾರೆ, ನಿಜ. ಆದರೆ ಕಣ್ಣಿನ ವಿಷಯದಲ್ಲಿ ಪ್ರತಿ ಮನೆಗೂ ಅದರದೇ ರೀತಿಯಿದೆ.

ಇನ್ನೊಂದು ಸಂದರ್ಭ ನನ್ನನ್ನು ಇನ್ನೂ ಬಿಟ್ಟಿಲ್ಲ. ಮಳೆಯ ಇರಚಲು ಒಳಗೆ ಬರುತ್ತಿದೆಯೆಂದು ಕಿಟಕಿಯ ಬಾಗಿಲು ಎಳೆಯಲು ನಾನು ತಟಕ್ಕನೆ ಕೈಯೆತ್ತಿದೆ. ಕಿಟಕಿಯ ಕೆಳಗೆ ಕೂತಿದ್ದ ಹುಡುಗ ಎರಡೂ ತೋಳುಗಳಿಂದ ತಲೆ ಮುಚ್ಚಿಕೊಂಡು ಬಾಗಿಬಿಟ್ಟ. ನಾನು ಅವನನ್ನು ಎಂದೂ ಹೊಡೆದಿರಲಿಲ್ಲ. ಹೊಡೆದವರು ಬೇರೆ, ಹೊಡೆತ ಬಿದ್ದ ಜಾಗವೂ ಬೇರೆ. ಆದರೆ ಎತ್ತಿದ ಕೈ ಎಂದರೆ ಏನೆಂದು ಅವನ ಮೈಗೆ ಬರೆದಾಗಿತ್ತು. ಅಂದಿನಿಂದ ಮಕ್ಕಳ ಹತ್ತಿರ ನನ್ನ ಕೈ ನಿಧಾನವಾಗಿ ಚಲಿಸುತ್ತದೆ. ಏನಾದರೂ ಮಾಡುವ ಮೊದಲು ‘ಕಿಟಕಿ ಹಾಕುತ್ತೇನೆ’ ಎಂದು ಹೇಳುತ್ತೇನೆ. ಬೆತ್ತ ಹೋದ ಮೇಲೆ ‘ಕಣ್ಣು ಕೆಂಪಗೆ ಮಾಡಿ ನೋಡಿದರೆ ಸಾಕು, ನಡುಗುತ್ತಾರೆ’ ಎಂದು ಹೆಮ್ಮೆಯಿಂದ ಹೇಳುವ ಸಹೋದ್ಯೋಗಿಗಳಿದ್ದಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ನಡುಗಿಸುವ ನೋಟ ಎರಡನೆಯದಕ್ಕೆ ಸೇರುತ್ತದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ, ಮತ್ತು ಅದನ್ನು ದೇಹಭಾಷೆಯ ಕೌಶಲವೆಂದು ಕರೆಯುವುದನ್ನು ನಾನು ಒಪ್ಪುವುದಿಲ್ಲ.

2018ರ ಆಗಸ್ಟಿನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡಗಳು ಜರಿದವು, 2020ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟ ಕುಸಿಯಿತು. ಆಮೇಲಿನ ಮಳೆಗಾಲಗಳಲ್ಲಿ ನಮ್ಮ ತರಗತಿಯ ಮೌನವೇ ಬದಲಾಯಿತು. ಮಳೆಯ ಸದ್ದು ಒಮ್ಮೆಲೇ ಏರಿದರೆ ಅರ್ಧದಷ್ಟು ತಲೆಗಳು ಗುಡ್ಡದ ಕಡೆಯ ಕಿಟಕಿಗೆ ತಿರುಗುತ್ತಿದ್ದವು, ಬರೆಯುವ ಕೈ ಹಾಗೆಯೇ ನಿಲ್ಲುತ್ತಿತ್ತು. ‘ಅರ್ಥವಾಯಿತೇ’ ಎಂದು ಕೇಳಿದರೆ ಎಲ್ಲರೂ ತಲೆಯಾಡಿಸುತ್ತಿದ್ದರು. ಬೆಂಚಿನ ಕೆಳಗೆ ಕಾಲುಗಳು ಮಾತ್ರ ಒಂದರ ಮೇಲೊಂದು ಬಿಗಿಯಾಗಿ ಸುತ್ತಿಕೊಂಡಿರುತ್ತಿದ್ದವು. ಅಂಥ ಹೊತ್ತಿನಲ್ಲಿ ನಾನು ಪಾಠ ಹೇಳುವ ಜಾಗ ಬದಲಿಸಿ, ಆ ಕಿಟಕಿಗೆ ಬೆನ್ನು ಕೊಟ್ಟು, ಅದರ ಕಟ್ಟೆಗೆ ಆತು ನಿಲ್ಲುತ್ತಿದ್ದೆ. ಅವರು ಗುಡ್ಡ ನೋಡಲು ಹೊರಟರೆ ಮೊದಲು ನಾನು ಕಾಣಬೇಕು, ಮತ್ತು ನಾನು ಗುಡ್ಡದ ಕಡೆ ನೋಡುತ್ತಿಲ್ಲವೆಂಬುದು ಕಾಣಬೇಕು. ನನಗೂ ಹೆದರಿಕೆಯಿತ್ತು. ಹೆಗಲು ಬಿಗಿಯಾಗದಂತೆ ಉಸಿರನ್ನು ಉದ್ದಕ್ಕೆ ಬಿಡುವುದನ್ನು ನಾನು ರೂಢಿಸಿಕೊಂಡದ್ದು ಆ ಕಿಟಕಿಯ ಬಳಿ.

ಕೊರೊನಾ ಕಾಲದಲ್ಲಿ ಮುಖದ ಅರ್ಧ ಮುಚ್ಚಿಹೋದಾಗ ಎಷ್ಟೋ ಸನ್ನೆಗಳು ಕೆಲಸ ಮಾಡದಾದವು. 2021ರ ಅಕ್ಟೋಬರ್ ಕೊನೆಗೆ ಚಿಕ್ಕ ತರಗತಿಗಳು ತೆರೆದಾಗ ಬಂದ ಮಕ್ಕಳಲ್ಲಿ ಕೆಲವರು ಶಾಲೆಯ ಒಳಗನ್ನೇ ನೋಡಿರಲಿಲ್ಲ. ಮಾಸ್ಕಿನ ಹಿಂದೆ ನಾನು ನಗುತ್ತಿದ್ದೇನೆಂದು ಅವರಿಗೆ ತಿಳಿಯುತ್ತಿರಲಿಲ್ಲ. ತಲೆಯನ್ನು ಸ್ವಲ್ಪ ವಾಲಿಸಿ, ಕೈಯನ್ನು ಎದೆಯ ಮೇಲಿಟ್ಟು ‘ಚೆನ್ನಾಗಿದೆ’ ಎಂದು ತೋರಿಸುವುದನ್ನು ಆಗ ಶುರುಮಾಡಿದೆ. ಮಾಸ್ಕು ಹೋದರೂ ಅದು ಉಳಿದಿದೆ. ಈಗ ಗುಂಪಿನಲ್ಲಿ ಓದುವಾಗ ಗೆಳೆಯ ಸರಿಯಾಗಿ ಓದಿದರೆ ಮಕ್ಕಳೇ ಒಬ್ಬರಿಗೊಬ್ಬರು ಎದೆಯ ಮೇಲೆ ಕೈಯಿಟ್ಟು ತೋರಿಸುತ್ತಾರೆ.

ಈ ಬೇಸಿಗೆಯಲ್ಲಿ ನಮ್ಮ ಶಾಲೆಯ ಹಳೆಯ ಹಂಚು ಇಳಿಸಿ ಪೂರ್ತಿ ತಗಡು ಹೊದೆಸಿದ್ದಾರೆ. ಸೋರುವುದು ನಿಂತಿತು, ಅದು ದೊಡ್ಡ ಉಪಕಾರ. ಏಪ್ರಿಲಿನಲ್ಲಿ ಬಿದ್ದ ಮೊದಲ ಮಳೆಗೇ, ಪಕ್ಕದಲ್ಲಿ ನಿಂತವರ ಮಾತೂ ಕೇಳಿಸಲಿಲ್ಲ. ಶಾಲೆ ತೆರೆಯುವ ಮುನ್ನಾದಿನ ಹೋಗಿ ಬೆಂಚುಗಳನ್ನು ನಾಲ್ಕು ಸಾಲಿನಿಂದ ಮೂರು ಸಾಲಿಗೆ ಇಳಿಸಿ, ಹಿಂದಿನ ಗೋಡೆಯವರೆಗೂ ನಾನು ನಡೆಯುವಷ್ಟು ಅಗಲದ ಎರಡು ದಾರಿ ಬಿಟ್ಟೆ. ನನ್ನ ಮೇಜನ್ನು ಮೂಲೆಗೆ ಸರಿಸಿದೆ. ಕಪ್ಪುಹಲಗೆಯ ಮುಂದೆ, ಕೋಣೆಯ ನಡುವಿನಲ್ಲಿ, ಯಾವ ಬೆಂಚಿನಿಂದ ನೋಡಿದರೂ ಕಂಬ ಅಡ್ಡ ಬಾರದ ಜಾಗ ಯಾವುದೆಂದು ಪ್ರತಿ ಬೆಂಚಿನಲ್ಲೂ ಒಮ್ಮೆ ಕೂತು ನೋಡಿ, ಅಲ್ಲಿ ಸೀಮೆಸುಣ್ಣದಿಂದ ಎರಡು ಪಾದಗಳಷ್ಟು ಗುರುತು ಹಾಕಿ ಬಂದಿದ್ದೇನೆ.